ಸ್ಟೋಮಾದ ಸುತ್ತಲಿನ ಹುಣ್ಣು: ಯಾವುದನ್ನು ತೊಳೆಯಬೇಕು, ಯಾವುದನ್ನು ಕೆರೆಯಬಾರದು

ಕಲಬುರಗಿ, ಬೀದರ್, ಯಾದಗಿರಿ ಭಾಗದ ಮನೆಗಳಲ್ಲಿ ಕರುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರ ಬಗ್ಗೆ ‘ಹೊಟ್ಟಿಗೆ ಚೀಲ ಹಾಕ್ಯಾರ’ ಎಂದು ದನಿ ತಗ್ಗಿಸಿ ಹೇಳುತ್ತಾರೆ. ಆ ಚೀಲದ ಸುತ್ತ ಚರ್ಮ ಕೆಂಪಾದರೆ, ಸುಲಿದರೆ, ಹುಣ್ಣಾದರೆ ‘ಚೀಲ ಅಂದ ಮ್ಯಾಲ ಉರಿ ಇದ್ದದ್ದೇ’ ಎಂದುಕೊಂಡು ರೋಗಿಯೂ ಮನೆಯವರೂ ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡ ಕರುಳಿನ ಉರಿಯೂತದಿಂದ ವರ್ಷಗಟ್ಟಲೆ ನರಳಿದ ನಮ್ಮ ಕಾಕಾ ಅವರಿಗೆ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಹಾಕುವ ಇಲಿಯೋಸ್ಟೊಮಿ ಮಾಡಿದ್ದರು. ಐದು ತಿಂಗಳು ಚೆನ್ನಾಗಿಯೇ ಇದ್ದ ಚರ್ಮದಲ್ಲಿ ಒಂದು ದಿನ ಜೋಳದ ಕಾಳಿನಷ್ಟು ಗುಳ್ಳೆ ಎದ್ದಿತು. ಮೂರನೆಯ ದಿನ ಅದು ಒಡೆಯಿತು. ವಾರದೊಳಗೆ ಎರಡು ರೂಪಾಯಿ ನಾಣ್ಯದಷ್ಟು ಅಗಲವಾಯಿತು. ಅದನ್ನು ವಾಸಿ ಮಾಡಲೆಂದು ನಾವು ಮೊದಮೊದಲು ಮಾಡಿದ ಕೆಲಸಗಳೆಲ್ಲ ಅದನ್ನು ಬೆಳೆಸಿದವು. ಏಕೆ ಹಾಗಾಯಿತು ಎಂಬುದು ಅರ್ಥವಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿದ್ದವು. ಇನ್ನೊಂದು ಮನೆಯವರಿಗೆ ಆ ಎರಡು ತಿಂಗಳು ಉಳಿಯಲಿ ಎಂಬ ಆಸೆಯಿಂದ ಈ ವಿಷಯವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಸ್ಟೋಮಾ ಎಂದರೆ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತಂದು ಚರ್ಮಕ್ಕೆ ಹೊಲಿದು ಮಾಡಿದ ಬಾಯಿ. ದೊಡ್ಡ ಕರುಳಿನಿಂದ ಮಾಡಿದರೆ ಕೊಲೊಸ್ಟೊಮಿ, ಸಣ್ಣ ಕರುಳಿನಿಂದ ಮಾಡಿದರೆ ಇಲಿಯೋಸ್ಟೊಮಿ, ಮೂತ್ರ ಹೊರಹೋಗಲು ಮಾಡಿದರೆ ಯುರೋಸ್ಟೊಮಿ. ಕರುಳಿನ ಕ್ಯಾನ್ಸರ್, ಕ್ಷಯ ಅಥವಾ ಟೈಫಾಯ್ಡ್‌ನಿಂದ ಕರುಳು ತೂತಾಗುವುದು, ಅಪಘಾತದ ಪೆಟ್ಟು, ಕರುಳಿನ ಉರಿಯೂತ, ಹುಟ್ಟಿನಿಂದ ಬಂದ ಕೆಲವು ದೋಷಗಳು, ಹೀಗೆ ಕಾರಣಗಳು ಹಲವು. ಇಲ್ಲಿ ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಕೆಂಪಗೆ, ಒದ್ದೆಯಾಗಿ, ತುಟಿಯ ಒಳಭಾಗದಂತೆ ಕಾಣುವ ಆ ಕರುಳಿನ ತುದಿಯಲ್ಲಿ ಮುಟ್ಟಿದರೆ ನೋವು ತಿಳಿಸುವ ನರಗಳಿಲ್ಲ. ಒರೆಸುವಾಗ ಎರಡು ಹನಿ ರಕ್ತ ಬಂದರೂ ಅದು ನೋಯುವುದಿಲ್ಲ. ನೋವೆಲ್ಲ ಸುತ್ತಲಿನ ಚರ್ಮದ್ದು. ಆ ಚರ್ಮ ಹೊಟ್ಟೆಯ ಉಳಿದ ಭಾಗದ ಚರ್ಮದಂತೆಯೇ ಇರಬೇಕು: ಅದೇ ಬಣ್ಣ, ಅದೇ ನಯ. ಚೀಲ ಬದಲಿಸುವಾಗ ಉರಿಯುತ್ತಿದೆ ಎಂದರೆ ಅಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ, ಮತ್ತು ಆ ಕೆಟ್ಟದ್ದಕ್ಕೆ ಬಹುಪಾಲು ಮದ್ದಿದೆ.

ಸ್ಟೋಮಾದ ಸುತ್ತ ಆಗುವ ಹುಣ್ಣುಗಳನ್ನು ನೋಡಿದ ಕೂಡಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಹೊರಗಿನಿಂದ ಆದ ಗಾಯವೋ, ದೇಹದ ಒಳಗಿನಿಂದ ಎದ್ದ ರೋಗವೋ? ಸೋರಿಕೆಯಿಂದ, ಒತ್ತಡದಿಂದ, ಅಂಟು ಕಿತ್ತು ತೆಗೆಯುವುದರಿಂದ ಆದದ್ದು ಮೊದಲನೆಯ ಬಗೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಚರ್ಮದ ಮೇಲೆ ಮುಗಿಬಿದ್ದು ಆದದ್ದು ಎರಡನೆಯ ಬಗೆ. ಮೊದಲನೆಯದಕ್ಕೆ ಚೀಲವನ್ನು ಸರಿಯಾಗಿ ಕೂರಿಸಿ ಶುಚಿಯಾಗಿಡುವುದೇ ಚಿಕಿತ್ಸೆ. ಎರಡನೆಯದನ್ನು ಎಷ್ಟು ತೊಳೆದು ತಿಕ್ಕಿದರೂ ಅದು ಮಾಯುವುದಿಲ್ಲ. ಕೆರೆದು ಕತ್ತರಿಸಿದರೆ ಇನ್ನಷ್ಟು ಹರಡಬಹುದು.

ಸೋರಿಕೆಯ ಹುಣ್ಣು

ಹುಣ್ಣುಗಳಲ್ಲಿ ಹೆಚ್ಚಿನವು ಸೋರಿಕೆಯಿಂದಲೇ ಆಗುತ್ತವೆ, ಅದರಲ್ಲೂ ಇಲಿಯೋಸ್ಟೊಮಿ ಇರುವವರಲ್ಲಿ. ಸಣ್ಣ ಕರುಳಿನಿಂದ ಬರುವ ಮಲ ನೀರಾಗಿರುತ್ತದೆ, ಕ್ಷಾರೀಯವಾಗಿರುತ್ತದೆ, ಮೇದೋಜೀರಕ ಗ್ರಂಥಿಯ ಜೀರ್ಣರಸಗಳನ್ನು ಹೊತ್ತು ತರುತ್ತದೆ. ಬೇಳೆಯ ಪ್ರೋಟೀನನ್ನು ಕರಗಿಸುವ ಆ ರಸಕ್ಕೆ ಚರ್ಮದ ಪ್ರೋಟೀನೂ ಒಂದೇ. ಕೆಲವು ಗಂಟೆ ಚರ್ಮದ ಮೇಲೆ ನಿಂತರೆ ಮೇಲ್ಪದರವನ್ನು ತಿಂದುಹಾಕುತ್ತದೆ. ಕೊಲೊಸ್ಟೊಮಿಯ ಮಲ ಗಟ್ಟಿಯಾಗಿರುವುದರಿಂದ ಅಷ್ಟು ಸುಡುವುದಿಲ್ಲ. ಯುರೋಸ್ಟೊಮಿ ಇರುವವರಲ್ಲಿ ಸದಾ ಮೂತ್ರದಲ್ಲಿ ನೆನೆದ ಚರ್ಮ ದಪ್ಪವಾಗಿ, ಬೂದುಬಣ್ಣಕ್ಕೆ ತಿರುಗಿ, ನರುಲಿಯಂಥ ಗಂಟುಗಳು ಏಳುತ್ತವೆ.

ಸೋರಿಕೆಯನ್ನು ಪತ್ತೆಹಚ್ಚುವ ದಾರಿ ಕೈಯಲ್ಲೇ ಇದೆ. ಚೀಲವನ್ನು ಹೊಟ್ಟೆಗೆ ಅಂಟಿಸುವ ಬೇಸ್‌ಪ್ಲೇಟನ್ನು ತೆಗೆದಾಗ ಎಲ್ಲರೂ ಅದನ್ನು ಮಡಿಚಿ ಕಸಕ್ಕೆ ಹಾಕುತ್ತಾರೆ. ಹಾಕುವ ಮೊದಲು ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಚರ್ಮಕ್ಕೆ ಅಂಟಿದ್ದ ಮೇಣದಂಥ ಪದರದಲ್ಲಿ ರಂಧ್ರದ ಸುತ್ತ ಬಿಳಿಯಾಗಿ ಉಬ್ಬಿದ ಉಂಗುರ ಕಾಣುತ್ತದೆ. ಅದು ತೇವ ಹೀರಿಕೊಂಡ ಭಾಗ. ಆ ಉಂಗುರ ಒಂದೇ ಸಮನಾಗಿದ್ದರೆ ಚಿಂತೆಯಿಲ್ಲ. ಒಂದು ಕಡೆಗೆ ಮಾತ್ರ ಕಂದು ಬಣ್ಣದ ಕಾಲುವೆಯೊಂದು ಅಂಚಿನವರೆಗೆ ಹರಿದಿದ್ದರೆ ಮಲ ಆ ದಾರಿಯಲ್ಲೇ ಹೊರಟಿದೆ ಎಂದು ತಿಳಿಯಬೇಕು. ಪ್ಲೇಟನ್ನು ಮತ್ತೆ ಹೊಟ್ಟೆಯ ಎದುರು ಹಿಡಿದು ನೋಡಿದರೆ ಚರ್ಮದ ಹುಣ್ಣೂ ಅದೇ ಜಾಗದಲ್ಲಿರುತ್ತದೆ. ಆ ಜಾಗದಲ್ಲಿ ಹೊಟ್ಟೆಯ ಮಡಿಕೆಯೋ, ಹಳೆಯ ಹೊಲಿಗೆಯ ತಗ್ಗೋ ಇರುತ್ತದೆ. ಮಲಗಿದಾಗ ಕಾಣದ ಮಡಿಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಎದ್ದು ಕಾಣುತ್ತದೆ. ಹೊಲದಲ್ಲಿ ಬಗ್ಗಿ ತೊಗರಿ ಕೊಯ್ಯುವವರು, ನೆಲದ ಮೇಲೆ ಕೂತು ಉಣ್ಣುವವರು ಇರುವ ನಮ್ಮ ಕಡೆ ಹಾಸಿಗೆಯ ಮೇಲೆ ಮಲಗಿಸಿ ಪರೀಕ್ಷಿಸಿದರೆ ಸಾಲದು; ಕೂರಿಸಿ, ಬಗ್ಗಿಸಿ, ನಿಲ್ಲಿಸಿ ನೋಡಬೇಕು. ಯೋಜಿತ ಶಸ್ತ್ರಚಿಕಿತ್ಸೆಯಾದರೆ ಸ್ಟೋಮಾ ಎಲ್ಲಿರಬೇಕೆಂದು ಮೊದಲೇ ಹೀಗೆ ಕೂರಿಸಿ ಗುರುತು ಹಾಕಿಸಿಕೊಳ್ಳುವುದು ಒಳ್ಳೆಯದು, ಮತ್ತು ಅದನ್ನು ಶಸ್ತ್ರಚಿಕಿತ್ಸಕರ ಬಳಿ ಕೇಳುವ ಹಕ್ಕು ರೋಗಿಗಿದೆ.

ಎರಡನೆಯ ಕಾರಣ ರಂಧ್ರದ ಅಳತೆ. ಶಸ್ತ್ರಚಿಕಿತ್ಸೆಯಾದಾಗ ಬಾತುಕೊಂಡಿದ್ದ ಸ್ಟೋಮಾ 6ರಿಂದ 8 ವಾರಗಳಲ್ಲಿ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ಕತ್ತರಿಸಿಕೊಟ್ಟ ಅಳತೆಯನ್ನೇ ನಾಲ್ಕು ತಿಂಗಳಾದ ಮೇಲೂ ಬಳಸುತ್ತಿದ್ದರೆ ಸ್ಟೋಮಾಕ್ಕೂ ಪ್ಲೇಟಿಗೂ ನಡುವೆ ಬೆರಳಗಲದ ಚರ್ಮ ಬರಿದಾಗಿ ಮಲದಲ್ಲಿ ನೆನೆಯುತ್ತಿರುತ್ತದೆ. ರಂಧ್ರ ಸ್ಟೋಮಾಕ್ಕಿಂತ 2ರಿಂದ 3 ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಪ್ಲೇಟಿನ ಪೆಟ್ಟಿಗೆಯಲ್ಲಿ ಅಳತೆಯ ಕಾಗದವೊಂದು ಸಾಮಾನ್ಯವಾಗಿ ಇರುತ್ತದೆ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಅದನ್ನು ಹಿಡಿದು ನೋಡಬೇಕು. ಸ್ಟೋಮಾ ಚರ್ಮದ ಮಟ್ಟದಲ್ಲೇ ಇದ್ದರೆ ಅಥವಾ ಒಳಗೆ ಸರಿದಿದ್ದರೆ ಚಪ್ಪಟೆ ಪ್ಲೇಟಿನ ಬದಲು ಒಳಬದಿ ಉಬ್ಬಿದ ಕಾನ್ವೆಕ್ಸ್ ಪ್ಲೇಟ್ ಬೇಕಾಗಬಹುದು. ತಗ್ಗುಗಳನ್ನು ತುಂಬಲು ಮೆತ್ತಗಿನ ಸೀಲ್ ಉಂಗುರಗಳು ಸಿಗುತ್ತವೆ. ಟ್ಯೂಬಿನಲ್ಲಿ ಬರುವ ಸ್ಟೋಮಾ ಪೇಸ್ಟುಗಳಲ್ಲಿ ಹಲವಕ್ಕೆ ಆಲ್ಕೊಹಾಲ್ ಬೆರೆತಿರುವುದರಿಂದ ಸುಲಿದ ಚರ್ಮಕ್ಕೆ ತಾಗಿದರೆ ಬೆಂಕಿಯಂತೆ ಉರಿಯುತ್ತವೆ. ಹುಣ್ಣಿದ್ದಾಗ ಉಂಗುರವೇ ಮೇಲು.

ಸುಲಿದು ಒದ್ದೆಯಾದ ಚರ್ಮದ ಮೇಲೆ ಪ್ಲೇಟ್ ಹಿಡಿಯುವುದಿಲ್ಲ, ಪ್ಲೇಟ್ ಹಿಡಿಯದಿದ್ದರೆ ಮತ್ತೆ ಸೋರುತ್ತದೆ, ಸೋರಿದರೆ ಇನ್ನಷ್ಟು ಸುಲಿಯುತ್ತದೆ. ಈ ಸುತ್ತನ್ನು ಮುರಿಯುವ ಸರಳ ವಿಧಾನವೊಂದಿದೆ. ಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತಗಿನ ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಿ, ಒದ್ದೆಯಿರುವ ಜಾಗದ ಮೇಲೆ ಸ್ಟೋಮಾ ಪೌಡರ್ ಉದುರಿಸಬೇಕು. ಒದ್ದೆಗೆ ಅಂಟಿದಷ್ಟು ಅಂಟಿದ ಮೇಲೆ ಉಳಿದದ್ದನ್ನು ಝಾಡಿಸಿಬಿಡಬೇಕು. ಅದರ ಮೇಲೆ ಆಲ್ಕೊಹಾಲ್ ಇಲ್ಲದ ಬ್ಯಾರಿಯರ್ ಫಿಲ್ಮನ್ನು (ಚರ್ಮದ ಮೇಲೆ ತೆಳು ಪದರವಾಗಿ ಒಣಗುವ ದ್ರವ) ಒರೆಸದೆ ತಟ್ಟಿ ಹಚ್ಚಿ ಒಣಗಲು ಬಿಡಬೇಕು. ಹೀಗೆ ಎರಡು ಮೂರು ಪದರ ಮಾಡಿದರೆ ಹಕ್ಕಳೆಯಂಥ ಒಣ ಹೊದಿಕೆಯಾಗುತ್ತದೆ, ಅದರ ಮೇಲೆ ಪ್ಲೇಟ್ ನಿಲ್ಲುತ್ತದೆ. ಅಂಟಿಸಿದ ಮೇಲೆ ಅಂಗೈಯನ್ನು ಕೆಲವು ನಿಮಿಷ ಅದರ ಮೇಲಿಟ್ಟು ಮೈಬಿಸಿ ತಾಗಿಸಬೇಕು. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಈ ಕೆಲಸಕ್ಕೆ ಬರುವುದಿಲ್ಲ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಅರಿಶಿನ ಕಲಸಿದ ಬೆಣ್ಣೆ ಇವೆಲ್ಲ ಪ್ರೀತಿಯಿಂದಲೇ ಹಚ್ಚುವಂಥವು, ಆದರೆ ಎಣ್ಣೆಯ ಪಸೆ ಇರುವ ಕಡೆ ಅಂಟು ನಿಲ್ಲದು. ಡೆಟಾಲ್, ಸ್ಪಿರಿಟ್ ಹಾಕಿದರೆ ಮಾಯಲು ಹೊರಟ ಹೊಸ ಚರ್ಮವೇ ಸಾಯುತ್ತದೆ. ಕಾರಣ ಸರಿಹೋದರೆ ಸೋರಿಕೆಯ ಹುಣ್ಣು ಕೆಲವೇ ದಿನಗಳಲ್ಲಿ ಒಣಗತೊಡಗುತ್ತದೆ. ಎರಡು ವಾರವಾದರೂ ಒಣಗಲಿಲ್ಲವೆಂದರೆ ರೋಗ ಬೇರೆಯೇ ಇರಬಹುದೆಂದು ಅನುಮಾನಿಸಬೇಕು.

ಚೀಲ ಬದಲಿಸಲು ಇಲಿಯೋಸ್ಟೊಮಿ ಇರುವವರಿಗೆ ಬೆಳಗಿನ ಜಾವ, ಚಹಾ ಕುಡಿಯುವ ಮೊದಲಿನ ಹೊತ್ತು ಸೂಕ್ತ. ಆಗ ಕರುಳು ಶಾಂತವಾಗಿರುತ್ತದೆ. ಚೀಲ ಮೂರನೇ ಒಂದು ಭಾಗದಿಂದ ಅರ್ಧದಷ್ಟು ತುಂಬುವುದರೊಳಗೆ ಖಾಲಿ ಮಾಡದಿದ್ದರೆ ಭಾರಕ್ಕೆ ಪ್ಲೇಟ್ ಜಗ್ಗಿ ಮೇಲಿನಿಂದ ಬಿಚ್ಚಿಕೊಳ್ಳುತ್ತದೆ. ಮಲ ತೀರ ನೀರಾಗಿದ್ದರೆ ಎಂಥ ಪ್ಲೇಟೂ ಸೋರುತ್ತದೆ. ಅದನ್ನು ತಡೆಯಲೆಂದು ಕೆಲವರು ಊಟವನ್ನೇ ಬಿಡುತ್ತಾರೆ. ಇದರಿಂದ ಹುಣ್ಣು ಮಾಯಲು ಬೇಕಾದ ಪ್ರೋಟೀನೇ ಇಲ್ಲವಾಗುತ್ತದೆ. ಬರೀ ನೀರನ್ನು ಹೆಚ್ಚು ಕುಡಿದರೆ ಮಲ ಇನ್ನೂ ನೀರಾಗುವುದರಿಂದ ಓಆರ್‌ಎಸ್ ಕುಡಿಯುವುದು, ಅನ್ನ, ಬಾಳೆಹಣ್ಣಿನಂಥ ಮಲ ಗಟ್ಟಿ ಮಾಡುವ ಆಹಾರ ತಿನ್ನುವುದು, ವೈದ್ಯರು ಹೇಳಿದರೆ ಊಟಕ್ಕೆ ಅರ್ಧ ಗಂಟೆ ಮೊದಲು ಲೋಪೆರಮೈಡ್ ತೆಗೆದುಕೊಳ್ಳುವುದು ಸರಿಯಾದ ದಾರಿ.

ಉಳಿದ ಕೆಲವು ಬಗೆಗಳು

ಶಿಲೀಂಧ್ರದ ಸೋಂಕಿನಲ್ಲಿ ನೋವಿಗಿಂತ ತುರಿಕೆ ಹೆಚ್ಚು. ಕೆಂಪು ಮಚ್ಚೆಯ ಅಂಚಿನಾಚೆ ಸಾಸಿವೆಯಂಥ ಬಿಡಿ ಗುಳ್ಳೆಗಳು ಚದುರಿರುತ್ತವೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಆ್ಯಂಟಿಬಯೋಟಿಕ್ ಕೋರ್ಸ್ ಮುಗಿಸಿದವರಲ್ಲಿ ಇದು ಸಾಮಾನ್ಯ. ಕ್ಲೋಟ್ರಿಮಜೋಲ್ ಪೌಡರಿನಿಂದ ಹೋಗುತ್ತದೆ. ಪ್ಲೇಟಿನ ಆಕಾರಕ್ಕೆ ಸರಿಯಾಗಿ, ಅಚ್ಚು ಒತ್ತಿದಂತೆ ಕೆಂಪಾಗಿ ತುರಿಸಿದರೆ ಅಂಟಿನ ಅಲರ್ಜಿ ಇರಬಹುದು, ಬೇರೆ ಕಂಪನಿಯ ಪ್ಲೇಟಿನ ಚೂರೊಂದನ್ನು ಹೊಟ್ಟೆಯ ಇನ್ನೊಂದು ಬದಿಗೆ ಎರಡು ದಿನ ಅಂಟಿಸಿ ನೋಡಬೇಕು. ಕೂದಲನ್ನು ರೇಜರಿನಿಂದ ಬೋಳಿಸಿದರೆ ಬುಡಗಳಲ್ಲಿ ಕೀವು ಗುಳ್ಳೆ ಏಳುತ್ತವೆ. ಕತ್ತರಿಯಿಂದ ಗಿಡ್ಡ ಮಾಡಿದರೆ ಸಾಕು.

ಒತ್ತಡದ ಹುಣ್ಣನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನಮ್ಮ ಉಡುಪಿಗೂ ಸೇರಿದ್ದು. ಕಾನ್ವೆಕ್ಸ್ ಪ್ಲೇಟಿನ ಬೆಲ್ಟನ್ನು ಬಿಗಿದು ಕಟ್ಟಿದರೆ ಪ್ಲೇಟಿನ ಗಟ್ಟಿ ಅಂಚು ಕೂತ ಜಾಗದಲ್ಲಿ ಸ್ಪಷ್ಟ ಗೆರೆಯುಳ್ಳ ಹುಣ್ಣಾಗುತ್ತದೆ. ಬೆಲ್ಟಿನ ಅಡಿಯಲ್ಲಿ ಎರಡು ಬೆರಳು ಸಲೀಸಾಗಿ ಹೋಗುವಂತಿರಬೇಕು. ಆದರೆ ಗಂಡಸರ ಉಡದಾರ, ಧೋತರದ ಕಟ್ಟು, ಹೆಂಗಸರ ಲಂಗದ ಲಾಡಿ ಇವೂ ದಿನವಿಡೀ ಅದೇ ಕೆಲಸ ಮಾಡುತ್ತಿರುತ್ತವೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಕಾಕಾ ಅವರ ಉಡದಾರ ಪ್ಲೇಟಿನ ಕೆಳಗಿನ ಅಂಚಿನ ಮೇಲೇ ಹಾಯ್ದುಹೋಗುತ್ತಿತ್ತು. ಮಗುವಾಗಿದ್ದಾಗಿನಿಂದ ಕಟ್ಟಿದ್ದನ್ನು ಬಿಚ್ಚಲು ಅವರು ಒಪ್ಪಲಿಲ್ಲ. ಕೊನೆಗೆ ಅಜ್ಜಿಯೇ ಅದನ್ನು ಉದ್ದ ಮಾಡಿ ಸ್ಟೋಮಾದ ಕೆಳಗೆ ಸಡಿಲವಾಗಿ ಕಟ್ಟಿಕೊಟ್ಟರು.

ಒಳಗಿನಿಂದ ಏಳುವ ಹುಣ್ಣು

ಈಗ ಎಲ್ಲಕ್ಕಿಂತ ಹೆಚ್ಚು ನೋಯುವ, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಗುರುತಿಸಲಾಗುವ ಹುಣ್ಣಿಗೆ ಬರೋಣ. ಅದರ ಹೆಸರು ಪಯೋಡರ್ಮಾ ಗ್ಯಾಂಗ್ರಿನೋಸಮ್. ಹೆಸರಿನ ಮೊದಲ ಪದಕ್ಕೆ ಕೀವಿನ ಚರ್ಮರೋಗ ಎಂದೂ ಎರಡನೆಯದಕ್ಕೆ ಕೊಳೆತದ್ದು ಎಂದೂ ಅರ್ಥ. ರೋಗ ಮಾತ್ರ ಸೋಂಕೂ ಅಲ್ಲ, ಕೊಳೆತವೂ ಅಲ್ಲ. 1930ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಬ್ರನ್‌ಸ್ಟಿಂಗ್ ಮತ್ತು ಸಂಗಡಿಗರು ಐವರು ರೋಗಿಗಳಲ್ಲಿ ಇದನ್ನು ಕಂಡು ಬ್ಯಾಕ್ಟೀರಿಯಾದ ಕೆಲಸವೆಂದು ಭಾವಿಸಿ ಈ ಹೆಸರಿಟ್ಟರು. ಆ ಐವರಲ್ಲಿ ನಾಲ್ವರಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಮೂಲದ ಸುಳಿವು ಅಲ್ಲೇ ಇತ್ತೆನ್ನಬೇಕು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸೋಂಕಿಲ್ಲದೆಯೇ ಚರ್ಮಕ್ಕೆ ನುಗ್ಗಿ ಅದನ್ನು ಕರಗಿಸುವುದು ಈ ರೋಗದ ಬಗೆ ಎಂದು ಈಗ ತಿಳಿದಿದೆ. ಇದು ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕರುಳಿನ ಉರಿಯೂತ, ಕೀಲುವಾತ ಅಥವಾ ರಕ್ತದ ಕಾಯಿಲೆ ಒಂದಿಲ್ಲೊಂದು ಇರುತ್ತದೆ. ಹೆಚ್ಚಾಗಿ ಕಾಲಿನ ಮೇಲೆ ಕಾಣುವ ಈ ರೋಗ, ಸ್ಟೋಮಾ ಇರುವವರಲ್ಲಿ ಅದರ ಸುತ್ತ ಬರಬಹುದು; ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳಿಗೂ ಬರಬಹುದು, ವರ್ಷಗಳಾದ ಮೇಲೂ ಬರಬಹುದು. ಅಪರೂಪದ್ದು, ನಿಜ, ಆದರೆ ಕರುಳಿನ ಉರಿಯೂತಕ್ಕಾಗಿ ಸ್ಟೋಮಾ ಮಾಡಿಸಿಕೊಂಡವರು ಇದರ ಹೆಸರನ್ನು ತಿಳಿದಿರಲೇಬೇಕು.

ಇದರ ಚಹರೆ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಸಣ್ಣ ಗುಳ್ಳೆ ಅಥವಾ ಕೀವಿನ ಬಿಂದುವಿನಿಂದ ಶುರುವಾಗಿ ಒಂದೆರಡು ದಿನಗಳಲ್ಲಿ ಒಡೆದು ಆಳವಾದ ಗುಂಡಿಯಾಗುತ್ತದೆ. ಅಂಚು ನೇರಳೆ ಹಣ್ಣಿನ ಸಿಪ್ಪೆಯ ಬಣ್ಣದ್ದು. ಆ ಅಂಚಿನ ಕೆಳಗೆ ಚರ್ಮ ಟೊಳ್ಳಾಗಿ, ಹೊಳೆಯ ನೀರು ಕೊರೆದ ದಂಡೆಯಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಕೆಲವೊಮ್ಮೆ ಎರಡು ಗುಂಡಿಗಳ ನಡುವೆ ಚರ್ಮದ ತೆಳು ಸೇತುವೆ ಉಳಿದಿರುತ್ತದೆ. ಗಾಯದ ಗಾತ್ರಕ್ಕೆ ಹೋಲಿಸಿದರೆ ನೋವು ವಿಪರೀತ. ‘ಕೆಂಡ ಇಟ್ಟಂಗ ಆಗ್ತದ, ಇವತ್ತೊಂದು ದಿನ ಚೀಲ ತಗಿಬ್ಯಾಡ’ ಎಂದು ಕಾಕಾ ಕೈ ಹಿಡಿದುಕೊಳ್ಳುತ್ತಿದ್ದರು. ಹೊಲಿಗೆ ಹಾಕುವಾಗಲೂ ಹಲ್ಲು ಕಚ್ಚದಿದ್ದವರು ಅವರು. ನಾಣ್ಯದಷ್ಟು ಹುಣ್ಣಿಗೆ ಅಳುತ್ತಿದ್ದರು. ಆ ನೋವೇ ಮೊದಲ ಲಕ್ಷಣವೆಂದು ನಮಗೆ ಗೊತ್ತಿರಲಿಲ್ಲ.

ಪಾಥರ್ಜಿ ಎಂಬ ಗುಣವೊಂದು ಈ ರೋಗಕ್ಕಿದೆ: ಪೆಟ್ಟು ಬಿದ್ದ ಕಡೆ ರೋಗ ಕೆರಳುತ್ತದೆ. ಎಲ್ಲ ರೋಗಿಗಳಲ್ಲೂ ಅಲ್ಲ, ಆದರೆ ಇರುವವರಲ್ಲಿ ಸೂಜಿ ಚುಚ್ಚಿದ ಜಾಗದಲ್ಲೂ ಹೊಸ ಹುಣ್ಣೇಳಬಹುದು. ಸ್ಟೋಮಾದ ಸುತ್ತಲೇ ಇದು ಏಕೆ ಬರುತ್ತದೆ ಎಂಬುದಕ್ಕೂ ಇದೇ ಉತ್ತರ. ಅಂಟು ಕಿತ್ತು ತೆಗೆಯುವುದು, ಮಲ ತಾಗುವುದು, ಪ್ಲೇಟ್ ಒತ್ತುವುದು, ಎಲ್ಲವೂ ಅಲ್ಲಿ ಮತ್ತೆ ಮತ್ತೆ ಬೀಳುವ ಸಣ್ಣ ಪೆಟ್ಟುಗಳು. ಸಾಮಾನ್ಯ ಗಾಯಕ್ಕೆ ಮಾಡುವಂತೆ ಸತ್ತ ಚರ್ಮವನ್ನು ಕೆರೆದು, ಅಂಚು ಕತ್ತರಿಸಿ ಶುಚಿ ಮಾಡಿದರೆ ಹುಣ್ಣು ದೊಡ್ಡದಾಗುತ್ತದೆ. ಕಾಕಾ ಅವರನ್ನು ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಕೀವು ತುಂಬಿದೆ ಎಂದು ಹಾಗೆಯೇ ಮಾಡಿದರು, ಆ್ಯಂಟಿಬಯೋಟಿಕ್ ಕೊಟ್ಟರು. ನಾಲ್ಕು ದಿನಗಳಲ್ಲಿ ಹುಣ್ಣು ಪ್ಲೇಟಿನ ಅರ್ಧ ಸುತ್ತನ್ನು ಆವರಿಸಿತು. ಅವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಕೀವಿನಂತೆ ಕಂಡದ್ದನ್ನು ಕೀವೆಂದರು. ಆಮೇಲೆ ಚರ್ಮರೋಗ ವೈದ್ಯೆಯೊಬ್ಬರು ನೋಡಿ ‘ಇದನ್ನ ಇನ್ನು ಯಾರೂ ಕೆರೀಬ್ಯಾಡ್ರಿ’ ಎಂದದ್ದೇ ನಮಗೆ ಸಿಕ್ಕ ಮೊದಲ ಸರಿಯಾದ ಚಿಕಿತ್ಸೆ.

ಖಚಿತಪಡಿಸಿಕೊಳ್ಳಲು ಒಂದೇ ರಕ್ತಪರೀಕ್ಷೆ ಎಂಬುದಿಲ್ಲ. ಬೇರೆ ರೋಗಗಳಲ್ಲವೆಂದು ಒಂದೊಂದಾಗಿ ಬದಿಗಿಡುತ್ತ ಬರಬೇಕಾಗುತ್ತದೆ. ಹುಣ್ಣಿನ ಅಂಚಿನಿಂದ ಸಣ್ಣ ತುಣುಕು ತೆಗೆದು ಬಯಾಪ್ಸಿ ಮಾಡಿದರೆ ನ್ಯೂಟ್ರೋಫಿಲ್‌ಗಳ ದಟ್ಟಣೆ ಕಾಣುತ್ತದೆ; 2018ರಲ್ಲಿ ತಜ್ಞರು ಒಮ್ಮತದಿಂದ ರೂಪಿಸಿದ ಮಾನದಂಡಗಳಲ್ಲಿ ಪ್ರಮುಖವಾದದ್ದು ಇದೇ. ಬಯಾಪ್ಸಿಯೂ ಒಂದು ಪೆಟ್ಟೇ ಅಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಕ್ಯಾನ್ಸರ್, ಕರುಳಿನ ಕ್ರೋನ್ಸ್ ರೋಗ, ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಕಡೆ ಕ್ಷಯವೂ ಹೀಗೇ ಹುಣ್ಣಾಗಿ ಕಾಣಿಸಿಕೊಳ್ಳಬಹುದಾದ್ದರಿಂದ ಆ ಸಣ್ಣ ಅಪಾಯವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ತುಣುಕನ್ನು ಕ್ಷಯ ಮತ್ತು ಶಿಲೀಂಧ್ರದ ಪರೀಕ್ಷೆಗೂ ಕಳಿಸಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಕ್ಷಯದ ಹುಣ್ಣಿಗೆ ಸ್ಟೀರಾಯ್ಡ್ ಮಾತ್ರ ಕೊಟ್ಟರೆ ಆಗುವ ಹಾನಿ ದೊಡ್ಡದು.

ಚಿಕಿತ್ಸೆ ಹೇಗೆ ನಡೆಯುತ್ತದೆ

ಗುರಿ ಒಂದೇ: ಕೆರಳಿದ ರೋಗನಿರೋಧಕ ಶಕ್ತಿಯನ್ನು ತಣಿಸುವುದು. ಹುಣ್ಣು ಚಿಕ್ಕದಿದ್ದರೆ ಮೇಲೆ ಹಚ್ಚುವ ಔಷಧದಿಂದಲೇ ಸಾಧ್ಯ. ಕ್ಲೋಬೆಟಾಸಾಲ್‌ನಂಥ ಪ್ರಬಲ ಸ್ಟೀರಾಯ್ಡ್ ಅಥವಾ ಟ್ಯಾಕ್ರೊಲಿಮಸ್ ಇದಕ್ಕೆ ಬಳಕೆಯಲ್ಲಿವೆ. ಕೆಲವೊಮ್ಮೆ ಟ್ರಯಾಮ್ಸಿನೊಲೋನನ್ನು ಹುಣ್ಣಿನ ಅಂಚಿಗೇ ಚುಚ್ಚುತ್ತಾರೆ. ಸ್ಟೋಮಾದ ಸುತ್ತ ಇವನ್ನು ಹಚ್ಚುವಾಗ ಒಂದು ತೊಡಕಿದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಟ್ಯೂಬುಗಳು ಜಿಡ್ಡಿನ ಮುಲಾಮುಗಳು. ಜಿಡ್ಡಿದ್ದರೆ ಪ್ಲೇಟ್ ಕೂರುವುದಿಲ್ಲ, ಪ್ಲೇಟ್ ಕೂರದಿದ್ದರೆ ಸೋರುತ್ತದೆ, ಸೋರಿದರೆ ರೋಗ ಕೆರಳುತ್ತದೆ. ಆದ್ದರಿಂದ ತಲೆಗೆ ಹಚ್ಚಲೆಂದು ತಯಾರಿಸಿದ ನೀರಿನಂಥ ಸ್ಟೀರಾಯ್ಡ್ ಲೋಷನ್, ಅಥವಾ ಜಿಡ್ಡಿಲ್ಲದ ಪೇಸ್ಟಿನಲ್ಲಿ ಬೆರೆಸಿದ ಟ್ಯಾಕ್ರೊಲಿಮಸ್ ಬೇಕೆಂದು ವೈದ್ಯರನ್ನು ಕೇಳಬೇಕು. ಆಲ್ಕೊಹಾಲ್ ಇರುವ ಲೋಷನ್ ತೆರೆದ ಹುಣ್ಣಿನ ಮೇಲೆ ಕ್ಷಣಕಾಲ ಉರಿಯುತ್ತದೆ ಎಂದು ರೋಗಿಗೆ ಮೊದಲೇ ಹೇಳಿರಬೇಕು. ದೊಡ್ಡ ಹುಣ್ಣಿನ ಮೂಲಕ ಟ್ಯಾಕ್ರೊಲಿಮಸ್ ರಕ್ತಕ್ಕೂ ಸೇರಬಹುದಾದ್ದರಿಂದ ಅದನ್ನು ವೈದ್ಯರ ನಿಗಾದಲ್ಲೇ ಹಚ್ಚಬೇಕು. ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬನ್ನು ಚೀಟಿಯಿಲ್ಲದೆ ತಂದು ಹಚ್ಚುವ ರೂಢಿ ನಮ್ಮಲ್ಲಿದೆ. ಅದು ಯಾವ ರೋಗವನ್ನೂ ಪೂರ್ತಿ ಗುಣಪಡಿಸದೆ ಎಲ್ಲದರ ಚಹರೆಯನ್ನೂ ಕೆಡಿಸುತ್ತದೆ.

ದಿನದ ಆರೈಕೆ ನಮ್ಮ ಮನೆಯಲ್ಲಿ ನಡೆದದ್ದು ಹೀಗೆ. ಅಂಟು ಬಿಡಿಸುವ ದ್ರವವನ್ನು ಅಂಚಿಗೆ ಹನಿಸಿ, ಒಂದು ಕೈಯಿಂದ ಚರ್ಮವನ್ನು ಒತ್ತಿ ಹಿಡಿದು, ಪ್ಲೇಟನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಸುರುಳಿ ಬಿಚ್ಚುವಂತೆ ತೆಗೆಯುವುದು. ಬೆಚ್ಚಗಿನ ಸಲೈನ್ ಸುರಿದು ತೊಳೆಯುವುದು, ತಿಕ್ಕದೆ. ಲೋಷನ್ ಹನಿಸಿ ಒಣಗಲು ಬಿಡುವುದು. ಗುಂಡಿಯೊಳಗೆ ಆಲ್ಜಿನೇಟ್ ಡ್ರೆಸ್ಸಿಂಗಿನ ಚೂರನ್ನು ಗಿಡಿಯದೆ ಹಗುರವಾಗಿ ಇಡುವುದು. ಅದು ರಸಿಕೆ ಹೀರಿ ಮೆತ್ತಗಾಗುತ್ತದೆ. ಅದರ ಮೇಲೆ ಚರ್ಮಕ್ಕೆ ಅಂಟುವ ತೆಳುವಾದ ಹೈಡ್ರೊಕೊಲಾಯ್ಡ್ ಹಾಳೆ, ಅದರ ಮೇಲೆ ಮೆತ್ತಗಿನ ಚಪ್ಪಟೆ ಪ್ಲೇಟ್. ಗಟ್ಟಿ ಕಾನ್ವೆಕ್ಸ್ ಪ್ಲೇಟನ್ನು ಈ ಕಾಲದಲ್ಲಿ ಆದಷ್ಟು ದೂರವಿಡಬೇಕು. ರಸಿಕೆ ಹೆಚ್ಚಿರುವ ಮೊದಲ ವಾರಗಳಲ್ಲಿ ಒಂದು ಅಥವಾ ಎರಡು ದಿನಕ್ಕೊಮ್ಮೆ ಬದಲಿಸಬೇಕಾಗುತ್ತದೆ, ಕಡಿಮೆಯಾದಂತೆ ಅಂತರ ಹೆಚ್ಚಿಸಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಲದಿದ್ದರೆ ವೈದ್ಯರು ಹೆಚ್ಚು ಶಕ್ತಿಯದನ್ನು ಬರೆದುಕೊಡುತ್ತಾರೆ. ಡಿಕ್ಲೋಫೆನಾಕ್‌ನಂಥ ಗುಳಿಗೆಗಳನ್ನು ಸ್ವಂತ ನಿರ್ಧಾರದಿಂದ ನುಂಗಬಾರದು, ಅವು ಕರುಳಿನ ಉರಿಯೂತವನ್ನು ಕೆದಕಬಲ್ಲವು.

ಹುಣ್ಣು ದೊಡ್ಡದಿದ್ದರೆ, ಬೇಗ ಹರಡುತ್ತಿದ್ದರೆ ಗುಳಿಗೆಗಳು ಬೇಕು. ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ದೇಹತೂಕದ ಪ್ರತಿ ಕಿಲೋಗೆ 0.5ರಿಂದ 1 ಮಿಲಿಗ್ರಾಂನಂತೆ ಆರಂಭಿಸಿ ನಿಧಾನವಾಗಿ ಇಳಿಸುತ್ತಾರೆ. ಸೈಕ್ಲೋಸ್ಪೊರಿನ್ ಇನ್ನೊಂದು ಆಯ್ಕೆ. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಪಯೋಡರ್ಮಾ ಇದ್ದ 121 ರೋಗಿಗಳಿಗೆ ಇವೆರಡರಲ್ಲಿ ಒಂದನ್ನು ಕೊಟ್ಟು ನೋಡಿದಾಗ, ಆರು ತಿಂಗಳಲ್ಲಿ ಎರಡೂ ಗುಂಪುಗಳಲ್ಲಿ ಸುಮಾರು ಶೇ. 47 ಮಂದಿಯ ಹುಣ್ಣು ಮಾಯ್ದಿತ್ತು. ಈ ಅಂಕಿಯನ್ನು ಹೇಳುವುದು ಹೆದರಿಸಲಿಕ್ಕಲ್ಲ. ಒಂದು ತಿಂಗಳಿಗೆ ವಾಸಿಯಾಗಲಿಲ್ಲವೆಂದು ಔಷಧ ಬಿಟ್ಟು ಇನ್ನೊಂದು ಊರಿಗೆ, ಇನ್ನೊಬ್ಬ ವೈದ್ಯರ ಬಳಿಗೆ ಓಡುವುದನ್ನು ತಪ್ಪಿಸಲಿಕ್ಕೆ. ಮೊದಲು ಕಡಿಮೆಯಾಗುವುದು ನೋವು. ಆಮೇಲೆ ಅಂಚಿನ ನೇರಳೆ ಬಣ್ಣ ಮಾಸುತ್ತದೆ. ಗುಂಡಿ ತುಂಬುವುದು ಎಲ್ಲಕ್ಕಿಂತ ಕೊನೆಗೆ. ನೋವಿಲ್ಲದೆ ರಾತ್ರಿ ನಿದ್ದೆ ಬಂತೆಂದರೆ ಔಷಧ ಹಿಡಿಯುತ್ತಿದೆ ಎಂದೇ ತಿಳಿಯಬಹುದು, ಹುಣ್ಣಿನ ಅಳತೆ ಇನ್ನೂ ಬದಲಾಗದಿದ್ದರೂ.

ಇವು ಸಾಲದಾದಾಗ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್‌ನಂಥ ಬಯಾಲಜಿಕ್ ಚುಚ್ಚುಮದ್ದುಗಳಿವೆ. ಕರುಳಿನ ಉರಿಯೂತವೂ ಜೊತೆಗಿದ್ದರೆ ಅವು ಎರಡಕ್ಕೂ ಕೆಲಸ ಮಾಡುತ್ತವೆ. 2006ರ ಒಂದು ಸಣ್ಣ ಪ್ರಯೋಗದಲ್ಲಿ 30 ರೋಗಿಗಳ ಪೈಕಿ ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಶೇ. 46 ಮಂದಿ ಎರಡೇ ವಾರಗಳಲ್ಲಿ ಚೇತರಿಕೆ ಕಂಡರೆ, ಹುಸಿ ಮದ್ದು ಪಡೆದವರಲ್ಲಿ ಅದು ಶೇ. 6 ಮಾತ್ರ. ಆದರೆ ಇವು ಮೈಯೊಳಗೆ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಆಗದೆ ಇವನ್ನು ಆರಂಭಿಸಕೂಡದು. ಮನೆಯಲ್ಲಿ ಯಾರಿಗಾದರೂ ಎಂದಾದರೂ ಕ್ಷಯವಾಗಿದ್ದರೆ ಮುಚ್ಚಿಡದೆ ಹೇಳಬೇಕು. ಕುಷ್ಠರೋಗದ ಗುಳಿಗೆಯೆಂದು ನಮ್ಮ ಹಿರಿಯರಿಗೆ ಪರಿಚಯವಿರುವ ಡ್ಯಾಪ್ಸೋನನ್ನೂ ಕೆಲವೊಮ್ಮೆ ಕೊಡುತ್ತಾರೆ. ಅದೇ ಗುಳಿಗೆ ಇಲ್ಲಿ ನ್ಯೂಟ್ರೋಫಿಲ್‌ಗಳನ್ನು ಹತೋಟಿಯಲ್ಲಿಡಲು ಬಳಕೆಯಾಗುತ್ತದೆ, ಆದ್ದರಿಂದ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಆರಂಭಿಸುವ ಮೊದಲು ಜಿ6ಪಿಡಿ ಎಂಬ ರಕ್ತಪರೀಕ್ಷೆ ಆಗಿರಬೇಕು. ಸ್ಟೀರಾಯ್ಡ್ ನುಂಗುವವರು ಸಕ್ಕರೆ ಮತ್ತು ಬಿ.ಪಿ. ನೋಡಿಸಿಕೊಳ್ಳುತ್ತಿರಬೇಕು, ಮುಖ ಊದಿತೆಂದು ಒಮ್ಮೆಲೇ ಗುಳಿಗೆ ನಿಲ್ಲಿಸುವುದು ಜೀವಕ್ಕೇ ಅಪಾಯ.

ಸ್ಟೋಮಾವನ್ನು ಹೊಟ್ಟೆಯ ಇನ್ನೊಂದು ಬದಿಗೆ ಬದಲಾಯಿಸಿದರೆ ಆಗದೇ ಎಂದು ನಾವೂ ಕೇಳಿದ್ದೆವು. ಹೊಸ ಗಾಯವೆಂದರೆ ಹೊಸ ಪೆಟ್ಟು. ಹುಣ್ಣು ಅಲ್ಲಿಗೂ ಹಿಂಬಾಲಿಸಬಹುದು. ತಾತ್ಕಾಲಿಕ ಸ್ಟೋಮಾ ಆಗಿದ್ದು ಕರುಳನ್ನು ಮತ್ತೆ ಜೋಡಿಸಲು ಸಾಧ್ಯವಿದ್ದರೆ ಮಾತ್ರ ಮುಚ್ಚಿದ ಮೇಲೆ ಹೆಚ್ಚಿನವರಲ್ಲಿ ಹುಣ್ಣು ಮಾಯುತ್ತದೆ.

ಬೇಸಿಗೆಯ ಮಾತನ್ನು ಬಿಡುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬೆವರಿಗೆ ಅಂಟು ಕರಗುತ್ತದೆ. ಚಳಿಗಾಲದಲ್ಲಿ ನಾಲ್ಕು ದಿನ ನಿಂತ ಪ್ಲೇಟ್ ಆಗ ಎರಡು ದಿನ ನಿಂತರೆ ಹೆಚ್ಚು. ತಗಡಿನ ಮಾಡಿನ ಕೆಳಗೆ, ಬೈಕಿನ ಡಿಕ್ಕಿಯಲ್ಲಿ ಪ್ಲೇಟುಗಳನ್ನು ಇಡಬಾರದು. ನಾವು ಪೆಟ್ಟಿಗೆಯನ್ನು ಒಳಕೋಣೆಯ ಶಹಾಬಾದ್ ಫರಸಿಯ ಮೇಲೆ, ಗೋಡೆಯ ತಂಪಿಗೆ ಇಡುತ್ತಿದ್ದೆವು. ಚೀಲಕ್ಕೂ ಮೈಗೂ ನಡುವೆ ಹಳೆಯ ಹತ್ತಿಬಟ್ಟೆಯ ಹೊದಿಕೆಯೊಂದನ್ನು ಹೊಲಿದು ಹಾಕಿದರೆ ಬೆವರು ಅದಕ್ಕೆ ಹೋಗುತ್ತದೆ.

ತೋರಿಸುವುದಾದರೆ ಶಸ್ತ್ರಚಿಕಿತ್ಸಕರು ಮತ್ತು ಚರ್ಮರೋಗ ವೈದ್ಯರು ಇಬ್ಬರೂ ನೋಡುವಂತಿರಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಅಂಥ ಅನುಕೂಲ ಕೇಳಬಹುದು. ಹೋಗುವಾಗ ತೆಗೆದ ಪ್ಲೇಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಎರಡು ದಿನಕ್ಕೊಮ್ಮೆ ಪಕ್ಕದಲ್ಲಿ ನಾಣ್ಯವಿಟ್ಟು ತೆಗೆದ ಹುಣ್ಣಿನ ಫೋಟೋಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋದರೆ ವೈದ್ಯರಿಗೆ ಅದು ಎಷ್ಟು ಬೇಗ ಬೆಳೆಯಿತೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಸ್ಟೋಮಾ ಕಪ್ಪಾದರೆ, ಹೊಟ್ಟೆನೋವು ವಾಂತಿಯೊಂದಿಗೆ ಮಲ ಬರುವುದು ನಿಂತರೆ, ಜ್ವರದೊಂದಿಗೆ ಕೆಂಪು ಹರಡುತ್ತಿದ್ದರೆ, ಯಕೃತ್ತಿನ ಕಾಯಿಲೆ ಇರುವವರಲ್ಲಿ ಸ್ಟೋಮಾದ ಸುತ್ತ ನೀಲಿಯಾಗಿ ರಕ್ತ ಸುರಿಯತೊಡಗಿದರೆ ಓಪಿಡಿಗೆ ಕಾಯದೆ ತುರ್ತು ವಿಭಾಗಕ್ಕೇ ಹೋಗಬೇಕು.

ಕಾಕಾ ಅವರ ಹುಣ್ಣು ಏಳು ತಿಂಗಳಿಗೆ ಮುಚ್ಚಿಕೊಂಡಿತು. ಈ ರೋಗ ಬಿಟ್ಟುಹೋಗುವ ಕಲೆ ಜರಡಿಯಂತೆ ತೂತುತೂತಾಗಿ, ಏರುತಗ್ಗಾಗಿರುತ್ತದೆ. ಅದರ ಮೇಲೆ ಪ್ಲೇಟನ್ನು ನೇರವಾಗಿ ಅಂಟಿಸಿದರೆ ಆ ತಗ್ಗುಗಳಲ್ಲೇ ಮತ್ತೆ ಸೋರಿಕೆ ಶುರುವಾಗುತ್ತದೆ. ಅದಕ್ಕಾಗಿ ಪ್ರತಿ ಸಲವೂ ಸೀಲ್ ಉಂಗುರವನ್ನು ಬೆರಳಿನಲ್ಲಿ ಸ್ವಲ್ಪ ಎಳೆದು, ಎಡಬದಿಯ ದೊಡ್ಡ ತಗ್ಗಿಗೆ ದಪ್ಪವಾಗಿಯೂ ಉಳಿದ ಕಡೆ ತೆಳುವಾಗಿಯೂ ಬರುವಂತೆ ಒತ್ತಿ ಆಮೇಲೆ ಪ್ಲೇಟ್ ಹಾಕುತ್ತೇವೆ. ತೆಗೆದ ಪ್ಲೇಟನ್ನು ಈಗ ಕಾಕಾ ಅವರೇ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ.